ಚುಕ್ಕಿಯಿಂದ ಒತ್ತಕ್ಷರದವರೆಗೆ: ಹಳೆಯ ಯಂತ್ರದ ಮೇಲೆ ಚಿತ್ರ ಬರೆಯುವ ಹವ್ಯಾಸ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಗುಂಯ್‌ಗುಡುತ್ತಿರುವ ಪೆಟ್ಟಿಗೆ 486 ಪ್ರೊಸೆಸರಿನ ಕಂಪ್ಯೂಟರ್. ವೇಗ 66 ಮೆಗಾಹರ್ಟ್ಸ್, ಮೆಮೊರಿ 8 ಮೆಗಾಬೈಟ್, ಒಳಗಿರುವುದು ಡಾಸ್ 6.22 ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಮತ್ತು ಪ್ರೋಗ್ರಾಂ ಬರೆಯಲು ಟರ್ಬೊ ಸಿ++ 3.0. ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಲಿದ್ದ ಇದನ್ನು ಮನೆಗೆ ತಂದು, ಪವರ್ ಸಪ್ಲೈ ಬದಲಿಸಿ, ಹನ್ನೊಂದು ವರ್ಷಗಳಿಂದ ಇದರ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದೇನೆ. ನನ್ನ ಉದ್ಯೋಗ ಬ್ಯಾಂಕಿನಲ್ಲಿ. ರಾತ್ರಿ ಊಟವಾದ ಮೇಲಿನ ಎರಡು ಗಂಟೆ ಈ ಯಂತ್ರಕ್ಕೆ ಮೀಸಲು.

ಇಲ್ಲಿರುವವರಲ್ಲಿ ನಲವತ್ತು ದಾಟಿದ ಎಂಜಿನಿಯರುಗಳಿಗೆ ಚಿತ್ರ ಬರೆಯುವ ಸಿದ್ಧ ಆಜ್ಞೆಗಳ ಲೈಬ್ರರಿಯಾದ ‘ಗ್ರಾಫಿಕ್ಸ್ ಡಾಟ್ ಎಚ್’ ಹೆಸರು ಹೇಳಿದರೆ ಸಾಕು, ಕಾಲೇಜಿನ ಲ್ಯಾಬ್ ಕಣ್ಣ ಮುಂದೆ ಬರುತ್ತದೆ. ಎಡದಿಂದ ಬಲಕ್ಕೆ ಓಡುವ ಕಾರು, ಆಗಸ್ಟ್ ತಿಂಗಳಲ್ಲಿ ತಪ್ಪದೆ ಹಾರುತ್ತಿದ್ದ ತ್ರಿವರ್ಣ ಧ್ವಜ, ಮತ್ತು ಪರದೆಯ ಕಾರ್ಡನ್ನು ನಡೆಸುವ ಡ್ರೈವರ್ ಫೈಲಿನ ದಾರಿ ತಪ್ಪಾಗಿ ಬರೆದಾಗ ಪರದೆಯ ಮೇಲೆ ಕಾಣಿಸುತ್ತಿದ್ದ ‘ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್’ ಎಂಬ ಸಾಲು. ಆ ಲೈಬ್ರರಿಯ ಪೂರ್ಣ ಹೆಸರು, ಅದನ್ನು ಮಾಡಿದ ಕಂಪನಿಯ ಹೆಸರಿನಿಂದ, ಬೋರ್ಲೆಂಡ್ ಗ್ರಾಫಿಕ್ಸ್ ಇಂಟರ್‌ಫೇಸ್. 1987ರಲ್ಲಿ ಟರ್ಬೊ ಪ್ಯಾಸ್ಕಲ್ 4.0ರ ಜೊತೆಗೆ ಬಂದು, ಮರುವರ್ಷ ಟರ್ಬೊ ಸಿಗೂ ಸೇರಿಕೊಂಡಿತು. ಅದರ ಹಿಂದಿನ ಆಲೋಚನೆ ಬಹಳ ಒಳ್ಳೆಯದು. ಆಗ ಪರದೆಗೆ ಚಿತ್ರ ಕಳಿಸಲು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಬಗೆಯ ಕಾರ್ಡ್: ಸಿಜಿಎ, ಇಜಿಎ, ಹರ್ಕ್ಯುಲಿಸ್, ಹೊಸದಾಗಿ ಬಂದ ವಿಜಿಎ. ಆಯಾ ಬಗೆಯ ಕಾರ್ಡಿಗೆ ತಕ್ಕ ಡ್ರೈವರ್ ಫೈಲ್ ಇಟ್ಟು, ಗೆರೆ ಎಳೆಯುವ, ವೃತ್ತ ಬರೆಯುವ ಆಜ್ಞೆಗಳನ್ನು ಮಾತ್ರ ಎಲ್ಲಕ್ಕೂ ಒಂದೇ ಮಾಡಿದರು.

ಲೈಬ್ರರಿ ಬಳಸುವುದು ಸೋಮಾರಿತನ ಎನ್ನುವ ಹವ್ಯಾಸಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ವಿಜಿಎಯ 640 ಅಡ್ಡ, 480 ಉದ್ದದ, 16 ಬಣ್ಣಗಳ ಮೋಡ್, ಅಂದರೆ ಪರದೆಯ ಜೋಡಣೆ, ತೆಗೆದುಕೊಳ್ಳಿ. ಒಟ್ಟು 3,07,200 ಚುಕ್ಕಿಗಳು, ಚುಕ್ಕಿಗೆ 4 ಬಿಟ್, ಅಂದರೆ 1,53,600 ಬೈಟ್. ಆದರೆ ಪ್ರೊಸೆಸರಿಗೆ ಆ ಮೆಮೊರಿಯನ್ನು ನೋಡಲು ಇರುವ ಕಿಟಕಿ 64 ಕಿಲೋಬೈಟ್ ಮಾತ್ರ. ಆದ್ದರಿಂದ ಚಿತ್ರವನ್ನು ನಾಲ್ಕು ಪದರಗಳಾಗಿ ಸೀಳಿ, 38,400 ಬೈಟುಗಳ ಒಂದೊಂದು ಪದರವನ್ನು ಒಂದೇ ವಿಳಾಸದಲ್ಲಿ ಒಂದರ ಹಿಂದೆ ಒಂದು ಇಟ್ಟಿದ್ದಾರೆ. ಒಂದು ಬೈಟ್ ಮುಟ್ಟಿದರೆ ಅಕ್ಕಪಕ್ಕದ ಎಂಟು ಚುಕ್ಕಿಗಳನ್ನು ಮುಟ್ಟಿದಂತೆ. ಒಂದೇ ಒಂದು ಚುಕ್ಕಿಯ ಬಣ್ಣ ಬದಲಿಸಲು ಕಾರ್ಡಿನ ರಿಜಿಸ್ಟರುಗಳಿಗೆ, ಅಂದರೆ ಅದರೊಳಗಿನ ನಿಯಂತ್ರಣದ ಮನೆಗಳಿಗೆ, ಎಷ್ಟು ಸೂಚನೆ ಕೊಡಬೇಕೆಂದು ಒಮ್ಮೆ ಬರೆದು ನೋಡಿದವರು ಬೋರ್ಲೆಂಡಿನವರಿಗೆ ಕೈ ಮುಗಿಯುತ್ತಾರೆ.

ಆದರೆ ಅದೇ ವಿಜಿಎಯಲ್ಲಿ ಇನ್ನೊಂದು ಬಾಗಿಲಿದೆ, ಮೋಡ್ 13. ಬರೆಯುವಾಗ 13 ಎಂದರೂ ಅದು ಹದಿನಾರರ ಎಣಿಕೆಯ ಸಂಖ್ಯೆ. 320 ಅಡ್ಡ, 200 ಉದ್ದ, 256 ಬಣ್ಣ. ಚುಕ್ಕಿಗೆ ಒಂದು ಬೈಟ್, ಒಟ್ಟು 64,000 ಬೈಟ್. ಮೆಮೊರಿಯ ಎ000 ಎಂಬ ಸೆಗ್ಮೆಂಟ್ ವಿಳಾಸದಿಂದ ಶುರುವಾಗಿ ಸಾಲಾಗಿ ನಿಂತಿವೆ, ಕಿಟಕಿಯೊಳಗೆ ಪೂರ್ತಿ ಹಿಡಿಸುತ್ತವೆ. ಎಷ್ಟನೆಯ ಸಾಲು ಎಂಬುದನ್ನು 320ರಿಂದ ಗುಣಿಸಿ, ಎಷ್ಟನೆಯ ಕಂಬ ಎಂಬುದನ್ನು ಕೂಡಿಸಿದರೆ ಚುಕ್ಕಿಯ ಮನೆ ಸಿಕ್ಕಿತು. ಗುಣಾಕಾರ ನಿಧಾನವೆಂದು 320 ಅನ್ನು 256 ಮತ್ತು 64 ಎಂದು ಒಡೆದು, ಬಿಟ್‌ಗಳನ್ನು ಎಂಟು ಮನೆ ಮತ್ತು ಆರು ಮನೆ ಸರಿಸಿ ಕೂಡಿಸುತ್ತಿದ್ದೆವು. ನನಗೆ ಈ ಹವ್ಯಾಸದ ರುಚಿ ಹತ್ತಿದ್ದು ಇಲ್ಲಿಯೇ. ನಾನು ಬರೆದ ಸಾಲಿಗೂ ಗಾಜಿನ ಮೇಲೆ ಹೊಳೆಯುವ ಚುಕ್ಕಿಗೂ ನಡುವೆ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ.

ಬಣ್ಣಗಳ ಕಥೆಯೂ ಸೊಗಸಾಗಿದೆ. ಚುಕ್ಕಿಯ ಬೈಟಿನಲ್ಲಿರುವುದು ಬಣ್ಣವಲ್ಲ, ಬಣ್ಣದ ಪಟ್ಟಿಯ ಕ್ರಮಸಂಖ್ಯೆ. ಪಟ್ಟಿ ತುಂಬಲು ಕಾರ್ಡಿನ 3ಸಿ8 ಪೋರ್ಟಿಗೆ, ಅಂದರೆ ಸೂಚನೆ ಕಳಿಸುವ ಬಾಗಿಲಿಗೆ, ಸಂಖ್ಯೆ ಕೊಟ್ಟು, 3ಸಿ9ಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಬಾರಿ ಬರೆಯಬೇಕು. ಪ್ರತಿಯೊಂದೂ 0ಯಿಂದ 63ರವರೆಗೆ. ಹೀಗೆ 2,62,144 ಬಣ್ಣಗಳಲ್ಲಿ ಯಾವ 256 ಬೇಕೋ ಅವನ್ನು ಆರಿಸಿಕೊಳ್ಳಬಹುದು. ಪಟ್ಟಿಯ ನೀಲಿಗಳನ್ನು ಒಂದೊಂದು ಮನೆ ಮುಂದೆ ಸರಿಸುತ್ತ ಹೋದರೆ, ಒಂದು ಚುಕ್ಕಿಯನ್ನೂ ಮುಟ್ಟದೆ ಪರದೆಯ ಮೇಲಿನ ಹೊಳೆ ಹರಿಯತೊಡಗುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಊಟ ಬಿಟ್ಟು ಇದನ್ನು ನೋಡುತ್ತ ನಿಲ್ಲುತ್ತಿದ್ದಳು.

ಒಂದು ತೊಡಕಿದೆ. ಈ ಮೋಡಿನಲ್ಲಿ ಚುಕ್ಕಿ ಚೌಕವಲ್ಲ. ಎತ್ತರ ಅಗಲದ 1.2 ಪಟ್ಟು, ಹಾಗಾಗಿ ಬರೆದ ವೃತ್ತ ಮೊಟ್ಟೆಯಾಗುತ್ತದೆ. 1991ರಲ್ಲಿ ಮೈಕಲ್ ಅಬ್ರಾಶ್ ‘ಮೋಡ್ ಎಕ್ಸ್’ ಎಂಬ ಹೆಸರಿನಲ್ಲಿ ವಿವರಿಸಿದ 320 ಅಡ್ಡ, 240 ಉದ್ದದ ವಿಧಾನದಲ್ಲಿ ಚುಕ್ಕಿ ಚೌಕವಾಗುತ್ತದೆ. ಆದರೆ ಅಲ್ಲಿ ಮತ್ತೆ ಪದರಗಳ ಗೋಜು.

ಇನ್ನು ಬಟನ್, ಮೆನು, ಮೌಸ್. ಬಟನ್ನಿನ ಗುಟ್ಟು ನಾಲ್ಕು ಗೆರೆ. ಮೇಲಿನ ಮತ್ತು ಎಡದ ಗೆರೆ ಬಿಳಿ, ಕೆಳಗಿನ ಮತ್ತು ಬಲದ ಗೆರೆ ಕಡುಬೂದು, ನಡುವೆ ತಿಳಿಬೂದು. ಎಡಮೇಲಿನಿಂದ ಬೆಳಕು ಬಿದ್ದಂತೆ ಕಾಣುವುದರಿಂದ ಬಟನ್ ಉಬ್ಬಿ ನಿಲ್ಲುತ್ತದೆ. ಒತ್ತಿದಾಗ ಎರಡು ಬಣ್ಣಗಳನ್ನು ಅದಲುಬದಲು ಮಾಡಿದರೆ ತಗ್ಗುತ್ತದೆ.

ಮೌಸ್ ವಿಚಾರದಲ್ಲಿ ಮಾತ್ರ ನಾನು ವಾರಗಟ್ಟಲೆ ಒದ್ದಾಡಿದೆ. ಡಾಸ್‌ನಲ್ಲಿ ಇಂಟರಪ್ಟ್ 33ರ (ಇದೂ ಹದಿನಾರರ ಎಣಿಕೆ) ಮೂಲಕ, ಅಂದರೆ ಮೌಸ್ ಡ್ರೈವರನ್ನು ಕರೆಯುವ ಸಂಕೇತದ ಮೂಲಕ, ಅದನ್ನು ಕೇಳಬೇಕು: 0 ಎಂದರೆ ಮೌಸ್ ಇದೆಯೇ, 1 ಎಂದರೆ ಬಾಣ ತೋರಿಸು, 2 ಎಂದರೆ ಮರೆಮಾಡು, 3 ಎಂದರೆ ಎಲ್ಲಿದ್ದೀಯ, ಯಾವ ಗುಂಡಿ ಒತ್ತಿದೆ. ಮೋಡ್ 13ರಲ್ಲಿ ಪರದೆ 320 ಚುಕ್ಕಿಯದಾದರೂ ಡ್ರೈವರ್ ಅಡ್ಡ ಅಳತೆಯನ್ನು 640ರ ಲೆಕ್ಕದಲ್ಲಿ ಹೇಳುತ್ತದೆ. ಅರ್ಧ ಮಾಡಿಕೊಳ್ಳಬೇಕೆಂದು ತಿಳಿಯುವವರೆಗೆ ನನ್ನ ಬಟನ್ನುಗಳು ಎಲ್ಲೋ ಒತ್ತಿದರೆ ಇನ್ನೆಲ್ಲೋ ತಗ್ಗುತ್ತಿದ್ದವು. ಬಾಣದ ಕೆಳಗೆ ಏನಾದರೂ ಬರೆಯುವ ಮುಂಚೆ ಬಾಣವನ್ನು ಮರೆಮಾಡಬೇಕು. ಮರೆತರೆ, ಬಾಣ ಸರಿದಾಗ ಡ್ರೈವರ್ ತಾನು ಉಳಿಸಿಕೊಂಡಿದ್ದ ಹಳೆಯ ಚಿತ್ರವನ್ನು ಹೊಸದರ ಮೇಲೆ ಮೆತ್ತುತ್ತದೆ, ಕಲೆ ಉಳಿಯುತ್ತದೆ.

ಪರದೆ ಮಿನುಗದಂತೆ ಮಾಡಲು ಇಡೀ ಚಿತ್ರವನ್ನು ಮೊದಲು ಮೆಮೊರಿಯ ಬೇರೊಂದು ಕಡೆ ಬರೆದು, 3ಡಿಎ ಪೋರ್ಟಿನಲ್ಲಿ ಮಾನಿಟರಿನ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಗಳಿಗೆಯನ್ನು ಕಾಯ್ದು, ಒಮ್ಮೆಲೇ ನಕಲು ಮಾಡುತ್ತೇವೆ. ಆ ಗಳಿಗೆ ಸೆಕೆಂಡಿಗೆ 70 ಸಲ ಬರುತ್ತದೆ. ಪ್ರತಿ ಸಲವೂ 64,000 ಬೈಟ್ ಸಾಗಿಸಿದರೆ ಸೆಕೆಂಡಿಗೆ ಸುಮಾರು 45 ಲಕ್ಷ ಬೈಟ್. ಐಎಸ್ಎ ಎಂಬ ಹಳೆಯ, ನಿಧಾನದ ಸ್ಲಾಟಿನಲ್ಲಿ ಕೂರುವ ಕಾರ್ಡಿಗೆ ಅಷ್ಟು ಭಾರ ಹೊರುವುದು ಕಷ್ಟ. ಬದಲಾದ ಆಯತವನ್ನಷ್ಟೇ ಸಾಗಿಸುವ ಉಪಾಯ ಹುಟ್ಟುವುದು ಇಂಥ ಕಷ್ಟದಿಂದ.

ಇಷ್ಟೆಲ್ಲ ಮಾಡಿ, ಬಟನ್ ಮೇಲೆ ‘ಸರಿ’ ಎಂದು ಕನ್ನಡದಲ್ಲಿ ಬರೆಯಲು ಹೊರಟ ದಿನ ನನ್ನ ಹವ್ಯಾಸದ ದಿಕ್ಕೇ ಬದಲಾಯಿತು. ಇಂಗ್ಲಿಷ್ ಅಕ್ಷರಗಳು ವಿಜಿಎ ಕಾರ್ಡಿನ ಚಿಪ್ಪಿನಲ್ಲಿಯೇ 8 ಅಡ್ಡ, 8 ಅಥವಾ 16 ಉದ್ದದ ಚುಕ್ಕಿಮನೆಗಳಾಗಿ ಕುಳಿತಿವೆ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಐಐಟಿ ಕಾನ್ಪುರದಲ್ಲಿ ಮೊದಲಾಗಿ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳಿಗೆಂದೇ ಪ್ರತ್ಯೇಕ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿತು. ನನ್ನ ಬಳಿ ಅದಿಲ್ಲ. ಗಣಿತದ ಚೌಕುಳಿ ಪುಸ್ತಕ ತಂದು ಪೆನ್ಸಿಲಿನಲ್ಲಿ ಅಕ್ಷರ ತುಂಬಿದೆ.

ಎಂಟು ಸಾಲು ಯಾತಕ್ಕೂ ಸಾಲದು. ಕ್ಷ, ಜ್ಞ ಹಾಗಿರಲಿ, ‘ಅಮ್ಮ’ ಬರೆಯುವುದಕ್ಕೇ ಕೆಳಗೆ ಒತ್ತಿಗೆ ಜಾಗ ಬೇಕು. ಕೊನೆಗೆ 24 ಸಾಲು ಎಂದು ನಿಶ್ಚಯಿಸಿದೆ: ಮೇಲಿನ 16 ಅಕ್ಷರಕ್ಕೆ, ಕೆಳಗಿನ 8 ಒತ್ತಿಗೆ. 200 ಸಾಲಿನ ಪರದೆಯಲ್ಲಿ ಎಂಟೇ ಸಾಲು ಕನ್ನಡ ಹಿಡಿಸಿತು.

ಆಮೇಲೆ ತಿಳಿದದ್ದು, ನಾನು ಐವತ್ತು ವರ್ಷ ಬರೆದ ಅಕ್ಷರವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು. ‘ಕ’ಕ್ಕೆ ಗುಡಿಸು ಹಚ್ಚಿ ‘ಕಿ’ ಮಾಡಬೇಕಾದರೆ ಮೊದಲು ತಲೆಕಟ್ಟನ್ನು ತೆಗೆಯಬೇಕು. ಆದ್ದರಿಂದ ಪ್ರತಿ ವ್ಯಂಜನದ ತಲೆಕಟ್ಟಿಲ್ಲದ ರೂಪವನ್ನೂ ಬೇರೆಯಾಗಿ ಇಡಬೇಕು. ‘ಕೈ’ ಎಂದರೆ ಎತ್ವ ತಲೆಯ ಮೇಲೆ, ಐತ್ವ ಕಾಲಬುಡದಲ್ಲಿ. ‘ಅರ್ಕ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತನ್ನು ‘ಕ’ ಬರೆದಾದ ಮೇಲೆ ಬಲಕ್ಕೆ ಇಡುತ್ತೇವೆ. ಪ್ರೋಗ್ರಾಂ ಅಕ್ಷರ ಬಂದ ತಕ್ಷಣ ಬರೆಯುವಂತಿಲ್ಲ. ಮುಂದೆ ಏನು ಬರುತ್ತದೆಂದು ಕಾಯಬೇಕು. ಕನ್ನಡ ಬೆರಳಚ್ಚಿಗೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಕೀಲಿ ಒತ್ತಕ್ಷರಕ್ಕೆ ಕೊಂಡಿ. ಆ ಒಂದು ಕೀಲಿ ಎಷ್ಟು ಯೋಚಿಸಿ ಇಟ್ಟದ್ದು ಎಂಬುದು ನನಗೆ ಅರ್ಥವಾದದ್ದು ಈ ಕೋಡ್ ಬರೆಯುವಾಗ. ‘ಸ್ತ್ರೀ’ಗೆ ಆರು ಸಲ ಕೀಲಿ ಒತ್ತಬೇಕು; ಪ್ರತಿ ಸಲವೂ ಪರದೆಯ ಮೇಲಿನ ಆಕಾರ ಬದಲಾಗುತ್ತದೆ.

ಈಗ ನನ್ನ ಬಳಿ ಅಕ್ಷರಗಳ ಸುಮಾರು 200 ತುಣುಕುಗಳಿವೆ. 16 ಅಡ್ಡ, 24 ಉದ್ದದ ತುಣುಕಿಗೆ 48 ಬೈಟ್. ಮ, ಯಗಳಂಥ ಅಗಲದವಕ್ಕೆ 72. ಎಲ್ಲ ಸೇರಿದರೂ 64 ಕಿಲೋಬೈಟಿನ ಒಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತವೆ. ಇಂದಿನ ಮೊಬೈಲಿನಲ್ಲಿ ಇದೇ ಜೋಡಣೆಯನ್ನು ದೊಡ್ಡ ಲೈಬ್ರರಿಯೊಂದು ನಿಮಗೆ ಕಾಣದಂತೆ ಮಾಡಿ ಮುಗಿಸುತ್ತದೆ. ಕೆಲವು ತಂತ್ರಾಂಶಗಳಲ್ಲಿ ಒತ್ತು ಕಳಚಿ ಬಿದ್ದು ಅಕ್ಷರ ಒಡೆದು ಕಾಣುತ್ತದಲ್ಲ, ಅಲ್ಲಿ ಈ ಕೆಲಸವನ್ನು ಯಾರೂ ಮಾಡಿಲ್ಲ ಎಂದು ಅರ್ಥ. ಅದನ್ನು ಸರಿಪಡಿಸಬೇಕಾದ ಎಂಜಿನಿಯರುಗಳು ನಮ್ಮ ಕಾಲೇಜುಗಳಿಂದಲೇ ಬರಬೇಕು, ಮತ್ತು ಒಮ್ಮೆಯಾದರೂ ಒಂದು ‘ಕೈ’ಯನ್ನು ಚುಕ್ಕಿಚುಕ್ಕಿಯಾಗಿ ಜೋಡಿಸಿ ಬಂದಿರಬೇಕು ಎಂದು ನನ್ನ ಆಸೆ. ಅದಕ್ಕೆ 486 ಬೇಕಿಲ್ಲ. ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡರೆ ನಿಮ್ಮ ಲ್ಯಾಪ್‌ಟಾಪೇ ಇದರಂತೆ ನಡೆದುಕೊಳ್ಳುತ್ತದೆ.

ಈಗ ಪರದೆಯ ಕಡೆ ನೋಡಿ. ‘ಕನ್ನಡ’, ‘ಅರ್ಕ’, ‘ಕೈ’ ಸರಿಯಾಗಿ ಬಂದಿವೆ. ಇನ್ನು ‘ಸ್ತ್ರೈಣ’. ಇಲ್ಲಿ ಸಕಾರದ ಕೆಳಗೆ ತಒತ್ತು, ರಒತ್ತು, ಅದರ ಜೊತೆಗೆ ಐತ್ವ, ಮೂರೂ ನನ್ನ ಎಂಟು ಸಾಲಿನೊಳಗೆ ಒಂದರ ಮೇಲೊಂದು ಬಿದ್ದಿವೆ. ರಒತ್ತನ್ನು ಬಲಕ್ಕೆ ಸರಿಸಿ ಅಕ್ಷರದ ಅಗಲ ಹೆಚ್ಚಿಸಬೇಕೋ, ಐತ್ವವನ್ನು ಕಿರಿದು ಮಾಡಬೇಕೋ, ಇನ್ನೂ ನಿರ್ಧರಿಸಿಲ್ಲ. ಅಕ್ಷರ ತಿದ್ದುವ ಪ್ರೋಗ್ರಾಂ ತೆರೆದಿಟ್ಟಿದ್ದೇನೆ, ಚೌಕುಳಿ ಹಾಳೆಯೂ ಪೆನ್ಸಿಲೂ ಇಲ್ಲಿವೆ. ಯಾರು ಬರುತ್ತೀರಿ?