ಇಲ್ಲೇನಾ, ಊರಿಗಾ? ಎರಡನೆಯ ತೀರ್ಮಾನದ ಬಗ್ಗೆ ನಾಲ್ಕು ಮಾತು

ಕೂಟದ ಹಿರಿಯರಿಗೆ, ಅಕ್ಕ-ಅಣ್ಣಂದಿರಿಗೆ ನಮಸ್ಕಾರ.

ಇಲ್ಲಿ ಕೂತಿರುವವರಿಗೆ ಪೀಠಿಕೆ ಬೇಕಿಲ್ಲ. 1965ರ ವಲಸೆ ಕಾನೂನು ಅಮೆರಿಕದ ಬಾಗಿಲು ತೆರೆದ ಮೇಲೆ ಬಂದ ಡಾಕ್ಟರುಗಳು, ಇಂಜಿನಿಯರುಗಳು ಮುಂದಿನ ಸಾಲಿನಲ್ಲಿದ್ದೀರಿ. ತೊಂಬತ್ತರ ದಶಕದಲ್ಲಿ ಎಚ್-1ಬಿ ವೀಸಾ ಹಿಡಿದು ಬಂದು ಈಗ ಅರವತ್ತರ ಹೊಸ್ತಿಲಲ್ಲಿರುವವರು ಹಿಂದೆ ಕೂತಿದ್ದೀರಿ. ಎಲೆ ಮುಂದೆ ಕೂತರೂ, ಪಾರ್ಕಿಂಗ್ ಜಾಗದಲ್ಲಿ ನಿಂತರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ರಿಟೈರ್ ಆದಮೇಲೆ ಇಲ್ಲೇನಾ, ಊರಿಗಾ?"

ಇದನ್ನು ಒಂದೇ ತೀರ್ಮಾನ ಅಂದುಕೊಳ್ಳುವುದರಲ್ಲೇ ತೊಂದರೆ ಶುರುವಾಗುತ್ತದೆ. ತೀರ್ಮಾನಗಳು ಎರಡು. ಮೊದಲನೆಯದನ್ನು ಅರವತ್ತೈದರ ಆಸುಪಾಸಿನಲ್ಲಿ, ಗಂಡ-ಹೆಂಡತಿ ಇಬ್ಬರೂ ಗಟ್ಟಿಯಾಗಿರುವಾಗ ಮಾಡುತ್ತೀರಿ. ಎರಡನೆಯದು ಎಪ್ಪತ್ತೈದರ ಆಚೆ ಬರುತ್ತದೆ, ಒಬ್ಬರು ಹಾಸಿಗೆ ಹಿಡಿದಾಗ, ಇಲ್ಲವೇ ಒಬ್ಬರೇ ಉಳಿದಾಗ. ಮೊದಲನೆಯದಕ್ಕೆ ಐದು ವರ್ಷ ಚರ್ಚೆ ನಡೆಯುತ್ತದೆ. ಎರಡನೆಯದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ, ಮಗನ ಜೊತೆ ವಾಟ್ಸಾಪ್ ಕರೆಯಲ್ಲಿ, ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಯಾರು ಉಳಿಯುತ್ತಾರೆ, ಯಾರು ವಾಪಸ್ ಹೊರಡುತ್ತಾರೆ ಎಂಬುದು ಅಲ್ಲಿ ಇತ್ಯರ್ಥವಾಗುತ್ತದೆ.

ಒಂದು ದಂಪತಿಯ ಕತೆ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಹ್ಯೂಸ್ಟನ್ನಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದವರು. ಯಜಮಾನರು ಹಾಸನದ ಕಡೆಯವರು, ಇಂಜಿನಿಯರು. ಅವರ ಮನೆಯವರು ಅಲ್ಲಿನ ಶಾಲೆಯೊಂದರ ಕಚೇರಿಯಲ್ಲಿ ದುಡಿದವರು. ಇಬ್ಬರಿಗೂ ಅರವತ್ತೇಳಾದಾಗ ಹ್ಯೂಸ್ಟನ್ ಮನೆ ಮಾರಿ ಮೈಸೂರಿನ ಕುವೆಂಪುನಗರದಲ್ಲಿ ಮನೆ ತೆಗೆದುಕೊಂಡರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್, ಗಣೇಶನ ಹಬ್ಬ ಬಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಸಂಗೀತ ಕಚೇರಿಗಳು. ಯಜಮಾನರು ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು.

ಆಕೆಯ ಲೆಕ್ಕ ಬೇರೆ. ಊರು ಅಂದರೆ ಯಜಮಾನರಿಗೆ ಗೆಳೆಯರು. ಆಕೆಗೆ ಊರು ಅಂದರೆ ಬಂದುಹೋಗುವವರ ಉಪಚಾರ, ಕೆಲಸದವಳು ಬರದ ದಿನದ ಪಾತ್ರೆ, ತೊಂಬತ್ತರ ಅತ್ತೆಯ ಆರೈಕೆ. ಹ್ಯೂಸ್ಟನ್ನಿನಲ್ಲಿ ಕಾರಿನ ಕೀ ಆಕೆಯ ಕೈಯಲ್ಲಿತ್ತು. ಮೈಸೂರಿನ ಟ್ರಾಫಿಕ್ಕಿನಲ್ಲಿ ಸ್ಟಿಯರಿಂಗ್ ಹಿಡಿಯುವ ಧೈರ್ಯ ಬರಲಿಲ್ಲ. ನಮ್ಮ ಮನೆಗಳಲ್ಲಿ ವಾಪಸ್ ಹೋಗಬೇಕು ಅನ್ನುವ ದನಿ ಹೆಚ್ಚಾಗಿ ಗಂಡಸರದು, ಬೇಡ ಅನ್ನುವ ಮೌನ ಹೆಂಗಸರದು. ಆ ಮೌನವನ್ನು ಒಪ್ಪಿಗೆ ಅಂತ ಓದಬೇಡಿ. ಇನ್ನೊಂದು ವಿಷಯ: ಯಾವ ಗೆಳೆಯರಿಗಾಗಿ ಹೋಗುತ್ತೀರೋ ಅವರಲ್ಲಿ ಅರ್ಧ ಜನ ಆಗಲೇ ಬೆಂಗಳೂರಿಗೋ ಡಲ್ಲಾಸಿಗೋ ಮಕ್ಕಳ ಮನೆ ಸೇರಿರುತ್ತಾರೆ. ಹೊರಡುವ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ.

ಕತೆಗೆ ಬರೋಣ. ಹೊರಡುವಾಗ ಇಬ್ಬರೂ ಮೆಡಿಕೇರ್, ಅಂದರೆ ಅರವತ್ತೈದು ದಾಟಿದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಅದರಲ್ಲಿ ಡಾಕ್ಟರ ಫೀಸಿನ ಭಾಗವಾದ ಪಾರ್ಟ್ ಬಿ ಬಿಟ್ಟುಬಿಟ್ಟರು. ಭಾರತದಲ್ಲಿ ಮೆಡಿಕೇರ್ ಒಂದು ಕಾಸೂ ಕೊಡುವುದಿಲ್ಲ, ತಿಂಗಳು ತಿಂಗಳು ಯಾಕೆ ಕಟ್ಟಬೇಕು ಅಂತ. ಮಾತು ಸರಿಯಾಗಿಯೇ ಕಾಣುತ್ತದೆ. ಆರು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು.

ಮೈಸೂರಿನ ಚಿಕಿತ್ಸೆಯಲ್ಲಿ ಕೊರತೆ ಇರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೊರತೆ ಆದದ್ದು ಓಡಾಡುವ ಜನಕ್ಕೆ. ಇಲ್ಲಿ ಅಮೆರಿಕದಲ್ಲಿ ರೋಗಿಯನ್ನು ಒಳಗೆ ಕರೆದುಕೊಂಡ ಮೇಲೆ ಮನೆಯವರು ಕಾಯ್ದರೆ ಸಾಕು. ಅಲ್ಲಿ ಐಸಿಯು ಹೊರಗೆ ಹಗಲು-ರಾತ್ರಿ ಒಬ್ಬರು ಕೂತಿರಲೇಬೇಕು. ನರ್ಸ್ ಚೀಟಿ ಕೊಟ್ಟರೆ ಫಾರ್ಮಸಿಗೆ ಓಡಬೇಕು, ಅಡ್ವಾನ್ಸ್ ಕಟ್ಟಬೇಕು, ರಕ್ತ ಬೇಕೆಂದರೆ ಜನ ಹೊಂದಿಸಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಎಪ್ಪತ್ಮೂರರ ಹೆಂಗಸು ಇದನ್ನೆಲ್ಲ ಒಬ್ಬರೇ ಎಷ್ಟು ದಿನ ಮಾಡಿಯಾರು? ಪಕ್ಕದ ಮನೆ ಹುಡುಗ ಎರಡು ರಾತ್ರಿ ಕೂತ. ಮಗ ಬಂದ, ಎರಡು ವಾರ ಇದ್ದ, ರಜೆ ಮುಗಿಯಿತು. ಮನೆಗೆ ಬಂದ ಮೇಲೆ ಏಜೆನ್ಸಿಯಿಂದ ಹನ್ನೆರಡು ಗಂಟೆಯ ಪಾಳಿಯ ಆಯಾ. ಒಬ್ಬಳು ಊರಹಬ್ಬಕ್ಕೆ ಹೋದವಳು ಬರಲಿಲ್ಲ. ಬದಲಿಗೆ ಬಂದವಳಿಗೆ ಮಂಚದಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು ಗೊತ್ತಿಲ್ಲ. ವರ್ಷದೊಳಗೆ ಯಜಮಾನರು ತೀರಿಕೊಂಡರು.

ಆಕೆ ಡಲ್ಲಾಸಿಗೆ ಮಗನ ಮನೆಗೆ ಬಂದಿಳಿದದ್ದು ಮೇ ತಿಂಗಳಲ್ಲಿ. ದಯವಿಟ್ಟು ಇಲ್ಲಿ ಗಮನ ಕೊಡಿ. ನಲವತ್ತು ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷ ತೆರಿಗೆ ಕಟ್ಟಿ ದುಡಿದ ಲೆಕ್ಕ, ಇದ್ದದ್ದರಿಂದ ಪಾರ್ಟ್ ಎ, ಅಂದರೆ ಆಸ್ಪತ್ರೆ ಸೇರಿದರೆ ಸಿಗುವ ವಿಮೆ, ಇತ್ತು. ಬಿಟ್ಟುಕೊಟ್ಟಿದ್ದ ಪಾರ್ಟ್ ಬಿ, ಅಂದರೆ ಡಾಕ್ಟರ ಫೀಸು, ಸ್ಕ್ಯಾನ್, ಹೊರರೋಗಿ ಚಿಕಿತ್ಸೆಯ ವಿಮೆ, ಬೇಕೆಂದಾಗ ಸಿಗುವುದಿಲ್ಲ. ಅದಕ್ಕೆ ಅರ್ಜಿ ಹಾಕುವ ಕಾಲ ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ. ಜನವರಿಯಲ್ಲಿ ಅರ್ಜಿ ಹಾಕಿದರೆ ಫೆಬ್ರವರಿ 1ರಿಂದ ಜಾರಿ. ಮೇ ತಿಂಗಳಿಂದ ಅಲ್ಲಿಯವರೆಗೆ ಡಾಕ್ಟರ ಬಿಲ್ಲೆಲ್ಲ ಕೈಯಿಂದಲೇ.

ಅದರ ಮೇಲೆ ದಂಡ. ಪಾರ್ಟ್ ಬಿ ಇಲ್ಲದೆ ಕಳೆದ ಪ್ರತಿ ಪೂರ್ತಿ ಹನ್ನೆರಡು ತಿಂಗಳಿಗೆ ಶೇಕಡಾ 10, ಜೀವನಪೂರ್ತಿ. 2025ರ ಮೂಲ ಕಂತು 185 ಡಾಲರ್ ಹಿಡಿದುಕೊಳ್ಳಿ. ಏಳು ವರ್ಷಕ್ಕೆ ಶೇಕಡಾ 70 ಸೇರಿ 314 ಡಾಲರ್ 50 ಸೆಂಟ್. ಕಂತು ಏರಿದ ಹಾಗೆ ದಂಡವೂ ಏರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಮೆಡಿಗ್ಯಾಪ್, ಅಂದರೆ ಮೆಡಿಕೇರ್ ಕೊಡದೆ ಉಳಿಸಿದ ಪಾಲನ್ನು ತುಂಬುವ ಖಾಸಗಿ ವಿಮೆ. ಆರೋಗ್ಯದ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಕೊಡಬೇಕಾದದ್ದು ಸಾಮಾನ್ಯವಾಗಿ ಅರವತ್ತೈದು ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು ಮಾತ್ರ. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ರಾಜ್ಯಗಳು ಇದಕ್ಕೆ ಹೊರತು. ಸಕ್ಕರೆ ಕಾಯಿಲೆ, ಎದೆನೋವಿನ ಇತಿಹಾಸ ಇರುವ ಎಪ್ಪತ್ನಾಲ್ಕರ ಹೆಂಗಸಿಗೆ ಟೆಕ್ಸಾಸ್‌ನಲ್ಲಿ ಕಂಪನಿ ಇಲ್ಲ ಅನ್ನಬಹುದು. ಆಗ ಉಳಿಯುವುದು ಮೆಡಿಕೇರ್ ಅಡ್ವಾಂಟೇಜ್, ಅಂದರೆ ಖಾಸಗಿ ಕಂಪನಿಯ ಮೂಲಕ ಸಿಗುವ ಮೆಡಿಕೇರ್. ಅದು ಸಿಗುತ್ತದೆ, ಆದರೆ ಯಾವ ಡಾಕ್ಟರ್, ಯಾವ ಆಸ್ಪತ್ರೆ ಅನ್ನುವ ಪಟ್ಟಿ ಬಹುಮಟ್ಟಿಗೆ ಕಂಪನಿಯದು.

ಮೊದಲನೆಯ ತೀರ್ಮಾನದ ದಿನ ಉಳಿಸಿದ ದುಡ್ಡು ಎರಡನೆಯ ತೀರ್ಮಾನದ ದಿನ ಹೀಗೆ ಎದುರು ಬಂದು ನಿಲ್ಲುತ್ತದೆ. ಊರಿಗೆ ಹೋಗಿ ಕನಿಷ್ಠ ಮೂರು ವರ್ಷ ಪಾರ್ಟ್ ಬಿ ಕಟ್ಟುತ್ತಲೇ ಇರಿ, ಅದನ್ನು ಎರಡನೆಯ ಬಾಗಿಲಿನ ಬಾಡಿಗೆ ಅಂದುಕೊಳ್ಳಿ. ಮಕ್ಕಳೂ ಭಾರತದಲ್ಲೇ ನೆಲೆಸಿದ್ದರೆ ಬಿಡುವುದರಲ್ಲಿ ಅರ್ಥವಿದೆ, ಅದನ್ನು ಒಪ್ಪುತ್ತೇನೆ.

ಹಾಗಂತ ಇಲ್ಲೇ ಉಳಿದವರಿಗೂ ಎರಡನೆಯ ತೀರ್ಮಾನ ತಪ್ಪಿದ್ದಲ್ಲ. ಕಣ್ಣು ಮಂಜಾಗಿ ಲೈಸೆನ್ಸ್ ಹೋದ ದಿನ ಊರಾಚೆಯ ಬಡಾವಣೆಯ ನಾಲ್ಕು ಬೆಡ್‌ರೂಮಿನ ಮನೆ ಜೈಲಾಗುತ್ತದೆ. ಬಸ್ಸಿಲ್ಲ, ನಡೆದು ಮುಟ್ಟುವ ಅಂಗಡಿ ಇಲ್ಲ. ಮೆಡಿಕೇರ್ ಇದೆಯಲ್ಲ ಅಂತ ನಂಬಿದವರು ಕೇಳಿ: ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ಮೇಲೆ ಅದು ನರ್ಸಿಂಗ್ ಹೋಮಿನ, ಅಂದರೆ ಆಸ್ಪತ್ರೆಯಿಂದ ಬಂದವರನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗದ, ಖರ್ಚು ಕೊಡುವುದು ಹೆಚ್ಚೆಂದರೆ 100 ದಿನ. ಅದರಲ್ಲೂ ಮೊದಲ 20 ದಿನ ಮಾತ್ರ ಪೂರ್ತಿ. ವರ್ಷಗಟ್ಟಲೆ ಸ್ನಾನ ಮಾಡಿಸಲು, ಊಟ ತಿನ್ನಿಸಲು ಅದು ದುಡ್ಡು ಕೊಡುವುದಿಲ್ಲ. ಮೈಸೂರಿನ ಆಯಾ ಊರಹಬ್ಬಕ್ಕೆ ಹೋದರೂ ಅವಳ ಸಂಬಳ ನಮ್ಮ ಸೋಷಿಯಲ್ ಸೆಕ್ಯುರಿಟಿಯಲ್ಲಿ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿಯಲ್ಲಿ, ಹೊಂದುತ್ತದೆ.

ಈಗ ನನ್ನನ್ನು ಬಹಳ ಕಾಡುವ ಮಾತು. ಗಲ್ಫ್‌ನಿಂದ ಉಡುಪಿಗೆ, ಮಂಗಳೂರಿಗೆ ಮರಳುವ ನಮ್ಮವರನ್ನು ನೋಡಿ. ಅವರಲ್ಲಿ ಹೆಚ್ಚಿನವರ ವೀಸಾ ಕೆಲಸಕ್ಕೆ ಗಂಟುಬಿದ್ದದ್ದು. ಕೆಲಸ ಮುಗಿದರೆ ಹೊರಡಬೇಕು ಅಂತ ಮೊದಲ ದಿನದಿಂದ ಗೊತ್ತು. ಆದ್ದರಿಂದ ಎಷ್ಟೋ ಮಂದಿ ನಲವತ್ತರಲ್ಲೇ ಊರಲ್ಲಿ ಮನೆ ಕಟ್ಟಿಸುತ್ತಾರೆ, ಊರಿನ ಕೆಲಸಗಳಿಗೆ ಚಂದಾ ಕಳಿಸುತ್ತಾರೆ, ನೆಂಟರ ಮದುವೆ ತಪ್ಪಿಸುವುದಿಲ್ಲ. ಮರಳಿದಾಗ ಅವರಿಗಾಗಿ ಐಸಿಯು ಹೊರಗೆ ಕೂರುವ ನಾಲ್ಕು ಜನ ಇರುತ್ತಾರೆ. ನಮಗೆ ಆಯ್ಕೆ ಇದೆ. ಆಯ್ಕೆ ಇರುವುದರಿಂದಲೇ ಮುಂದೂಡುತ್ತೇವೆ, ಅರವತ್ತೇಳರಲ್ಲಿ ಅತಿಥಿಗಳ ಹಾಗೆ ಊರಿಗೆ ಹೋಗಿ ಇಳಿಯುತ್ತೇವೆ. ಹೋಗಿ ಉಳಿದುಕೊಂಡವರು ಯಾರು ಅಂತ ವಿಚಾರಿಸಿ ನೋಡಿ. ಐವತ್ತರಿಂದಲೇ ಪ್ರತಿ ವರ್ಷ ಎರಡು ತಿಂಗಳು, ಬರೀ ಮದುವೆ-ಮುಂಜಿಗೆ ಬಂದುಹೋಗದೆ, ಏಪ್ರಿಲ್ ಸೆಕೆಯಲ್ಲಿ, ಜುಲೈ ಮಳೆಯಲ್ಲಿ ಹೋಗಿ ಇದ್ದವರು ಅವರಲ್ಲಿ ಹೆಚ್ಚು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮಕ್ಕಳ ನಾಟಕ ಕಾಯುತ್ತಿದೆ. ಉಳಿದದ್ದನ್ನು ಓಡಿಸಿ ಹೇಳುತ್ತೇನೆ.

ಗ್ರೀನ್ ಕಾರ್ಡಿನವರು ಒಂದು ವರ್ಷ ಮೀರಿ ಹೊರಗಿರುವುದಾದರೆ ಹೊರಡುವ ಮುಂಚೆ, ಅಮೆರಿಕದಲ್ಲಿದ್ದಾಗಲೇ, ಐ-131 ಅರ್ಜಿ ಹಾಕಿ ರೀ-ಎಂಟ್ರಿ ಪರ್ಮಿಟ್ (ಮರಳಿ ಒಳಬರುವ ಅನುಮತಿ) ಪಡೆಯಿರಿ. ಅಮೆರಿಕದ ಪೌರತ್ವ ಪಡೆದವರು ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡು) ಇದೆ ಅಂತ ಸಕಲೇಶಪುರದಲ್ಲಿ ತೋಟಕ್ಕೆ ಅಡ್ವಾನ್ಸ್ ಕೊಡಬೇಡಿ. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಮೆರಿಕದ ಪ್ರಜೆಗಳು ಭಾರತದ ಬ್ಯಾಂಕಿನವರ ಒತ್ತಾಯಕ್ಕೆ ಮ್ಯೂಚುಯಲ್ ಫಂಡ್ ಶುರುಮಾಡಿದರೆ ಒಂದೊಂದು ಫಂಡಿಗೂ ಅಮೆರಿಕದ ತೆರಿಗೆ ಇಲಾಖೆಯ 8621 ನಮೂನೆಯ ತಲೆನೋವು. ಎಫ್‌ಡಿ ಇಡಿ, ಅಲ್ಲಿನ ಖಾತೆಗಳ ಮೊತ್ತ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದರೆ ಹೊರದೇಶದ ಖಾತೆಗಳ ವರದಿಯಾದ ಎಫ್‌ಬಿಎಆರ್ ಸಲ್ಲಿಸಿ.

ಸೋಷಿಯಲ್ ಸೆಕ್ಯುರಿಟಿಯವರು ನೀವು ಬದುಕಿದ್ದೀರೋ ಅಂತ ಕೇಳಿ 7162 ನಮೂನೆಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಅದು ಅಪಾರ್ಟ್‌ಮೆಂಟಿನ ಕೆಳಗಿನ ಡಬ್ಬಿಯಲ್ಲೇ ಉಳಿದು, ಉತ್ತರ ಹೋಗದಿದ್ದರೆ ಹಣ ನಿಲ್ಲುತ್ತದೆ. ಅಮೆರಿಕದ ಫೋನ್ ನಂಬರ್ ಉಳಿಸಿಕೊಳ್ಳಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು.

ಬ್ರಿಟನ್ನಿನಿಂದ ಬಂದ ಅತಿಥಿಗಳಿಗೆ ಒಂದು ಮಾತು: ಸ್ಪೇನಿಗೆ ಹೋಗಿ ನೆಲೆಸಿದ ಬ್ರಿಟಿಷರಿಗೆ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುತ್ತದೆ, ಭಾರತಕ್ಕೆ ಮರಳಿದವರಿಗೆ ಏರುವುದಿಲ್ಲ. ಮರಳುವ ಮುಂಚೆ ಈ ಲೆಕ್ಕ ಹಾಕಿ.

ಕೊನೆಯದು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ಇಲ್ಲಿ ಬರೆದು ಕಳಿಸಿದ ಪವರ್ ಆಫ್ ಅಟಾರ್ನಿ ಭಾರತ ಮುಟ್ಟಿದ ಮೂರು ತಿಂಗಳೊಳಗೆ ಅಲ್ಲಿ ಸ್ಟ್ಯಾಂಪ್ ಆಗಬೇಕು. ಯಾರ ಹೆಸರಿಗೆ ಬರೆಯುತ್ತೀರಿ ಅನ್ನುವುದನ್ನು ಗಂಡ-ಹೆಂಡತಿ ಇಬ್ಬರೂ ಕೂತು ಮಾತಾಡಿ. ಮೆಡಿಕೇರ್ ದಿನಾಂಕಗಳ ಹಾಳೆ ಬಾಗಿಲ ಪಕ್ಕದ ಮೇಜಿನ ಮೇಲಿದೆ. ಅರವತ್ನಾಲ್ಕು ತುಂಬಿದವರು ಮೊದಲು ತೆಗೆದುಕೊಳ್ಳಿ.