ಹತ್ತು ರೂಪಾಯಿಯ ಲೆಕ್ಕ, ಕೋಟಿಯ ಗುಟ್ಟು

ಸ್ನೇಹಿತರೇ,

2025ರ ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ಒಂದು ರಟ್ಟಿನ ತುಂಡು ನೇತಾಡುತ್ತಿತ್ತು. ಬಿಸ್ಕತ್ತಿನ ಪೆಟ್ಟಿಗೆಯಿಂದ ಕತ್ತರಿಸಿದ ರಟ್ಟು. ಅದರ ಮೇಲೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಕೈಬರಹ. ಬೆಳಗಿನಿಂದ ರಾತ್ರಿಯವರೆಗೆ ಹತ್ತು ರೂಪಾಯಿ ಬಂತು, ಇಪ್ಪತ್ತು ರೂಪಾಯಿ ಬಂತು ಎಂದು ಕೂಗುತ್ತಿದ್ದ ಪುಟ್ಟ ಪೆಟ್ಟಿಗೆ ಮೌನವಾಗಿತ್ತು.

ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಯ ವಿವರ ತರಿಸಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರ ಕೈಯಲ್ಲೂ ಲಕ್ಷಗಟ್ಟಲೆ ಬಾಕಿಯ ನೋಟಿಸ್ ಇತ್ತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು, ಮುಖ್ಯಮಂತ್ರಿ ಸಭೆ ಕರೆದರು, ವಿನಾಯಿತಿ ಇರುವ ಸರಕಿನ ಹಳೆಯ ಬಾಕಿ ಕೇಳುವುದಿಲ್ಲ ಎಂಬ ಭರವಸೆ ಸಿಕ್ಕಿತು. ಅಂಗಡಿಯವರ ರಾಜಕೀಯವೆಲ್ಲ ಹೀಗೆ ನಡುಬೀದಿಯಲ್ಲೇ ನಡೆಯುತ್ತದೆ. ಅವರ ಬಳಿ ಇರುವುದು ಒಂದು ಓಟು, ಎಳೆದು ಹಾಕಬಹುದಾದ ಒಂದು ಶಟರ್.

ಈಗ ದೊಡ್ಡವರ ಕಡೆ ನೋಡೋಣ. 2017ಕ್ಕೆ ಮೊದಲು ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚನ್ನು ರಾಜಕೀಯ ಪಕ್ಷಗಳಿಗೆ ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಎಂಬುದನ್ನು ತನ್ನ ಲೆಕ್ಕಪತ್ರದಲ್ಲಿ ಬರೆಯಬೇಕಿತ್ತು. ಆ ವರ್ಷದ ಹಣಕಾಸು ಕಾಯ್ದೆ ಎರಡನ್ನೂ ತೆಗೆದುಹಾಕಿತು. ಲಾಭವೇ ಇಲ್ಲದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಯಿತು. ಲಾಭವಿಲ್ಲದವನು ಕೊಡುವ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಮರುವರ್ಷ ಚುನಾವಣಾ ಬಾಂಡ್ ಬಂತು: ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು, ಕೊಟ್ಟವರ ಹೆಸರು ಜನರಿಗೆ ತಿಳಿಯದಂತೆ ಪಕ್ಷಕ್ಕೆ ಕೊಡಬಹುದಾದ ಕಾಗದ. ಸಾವಿರ ರೂಪಾಯಿಯ ಬಾಂಡೂ ಇತ್ತು, ನಿಜ. ಆದರೆ ಮಾರಾಟವಾದ ಮೌಲ್ಯದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಒಂದು ಕೋಟಿಯ ಬಾಂಡುಗಳದ್ದು. ಕಾಂಡಿಮೆಂಟ್ಸ್ ಅಂಗಡಿಯವರು ಕೊಳ್ಳುವ ಕಾಗದ ಅದಾಗಿರಲಿಲ್ಲ.

ಚಹಾದ ಹತ್ತು ರೂಪಾಯಿ ಯಾವ ಗಳಿಗೆಯಲ್ಲಿ ಯಾರಿಂದ ಯಾರಿಗೆ ಹೋಯಿತೆಂದು ಸರ್ಕಾರಕ್ಕೆ ಗೊತ್ತಿರುವ ದೇಶದಲ್ಲಿ, ಆಳುವ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಕೋಟಿ ಕೊಟ್ಟವರ ಹೆಸರು ಮತದಾರನಿಗೆ ಆರು ವರ್ಷ ಗೊತ್ತಾಗಲಿಲ್ಲ. ನನ್ನನ್ನು ಕಾಡುವುದು ಇದೇ. ದೊಡ್ಡ ಬಂಡವಾಳ ಇರಬಾರದು ಎಂದು ನಾನು ಹೇಳುತ್ತಿಲ್ಲ. ಗುತ್ತಿಗೆ, ಪರವಾನಗಿ, ತೆರಿಗೆ ದರ ಎಲ್ಲವನ್ನೂ ತೀರ್ಮಾನಿಸುವವರ ಜೇಬಿಗೆ ಯಾರ ಹಣ ಹೋಗಿದೆ ಎಂದು ತಿಳಿಯದೆ ಓಟು ಹಾಕಿದರೆ, ಅದನ್ನು ಆಯ್ಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿತು. ಮತದಾರನ ತಿಳಿಯುವ ಹಕ್ಕಿಗೆ ಇದರಿಂದ ಧಕ್ಕೆಯಾಗಿದೆ ಎಂದಿತು. ಕಂಪನಿಗಳಿಗೆ ಮಿತಿಯಿಲ್ಲದೆ ಕೊಡಲು ಬಿಟ್ಟ ತಿದ್ದುಪಡಿಯೂ ಬಿದ್ದುಹೋಯಿತು. ಬಾಂಡಿನ ವಿವರ ಕೊಡಲು ಸ್ಟೇಟ್ ಬ್ಯಾಂಕು ಜೂನ್ 30ರವರೆಗೆ ಸಮಯ ಬೇಡಿತು. ಅಷ್ಟರಲ್ಲಿ ಲೋಕಸಭೆಯ ಫಲಿತಾಂಶವೇ ಬಂದಿರುತ್ತಿತ್ತು. ನ್ಯಾಯಾಲಯ ಒಪ್ಪಲಿಲ್ಲ, ಆದ್ದರಿಂದ ಮಾರ್ಚ್‌ನಲ್ಲೇ ಹೆಸರುಗಳು ಹೊರಬಂದವು.

ಆದರೂ ತೂತು ಮುಚ್ಚಿಲ್ಲ. ಕರ್ನಾಟಕದಲ್ಲಿ ಲೋಕಸಭೆಗೆ ನಿಂತ ಅಭ್ಯರ್ಥಿ 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. ಇನ್ನೊಂದನ್ನು ಗಮನಿಸಿ. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆಯ ವಿವರವನ್ನು ಚುನಾವಣಾ ಆಯೋಗಕ್ಕೆ ಕೊಡುವುದು ಹಣಕಾಸು ವರ್ಷ ಮುಗಿದ ಮೇಲೆ. 2024ರ ಏಪ್ರಿಲ್ 26ರಂದು ಬೆಂಗಳೂರು ಮತ ಹಾಕಿತು. ಅದೇ ತಿಂಗಳ ಮೊದಲ ವಾರ ಕಂಪನಿಯೊಂದು ಚೆಕ್ ಕೊಟ್ಟಿದ್ದರೆ, ಆ ಸುದ್ದಿ ವರದಿಯಲ್ಲಿ ಕಾಣುವುದು 2025ರ ಮಾರ್ಚ್ ಕಳೆದ ನಂತರ. ಚುನಾವಣೆಯ ತಿಂಗಳುಗಳಲ್ಲಿ ಈ ವಿವರ ವಾರ ವಾರವೂ ಜನರ ಮುಂದೆ ಬರಬೇಕು ಎಂದು ನಾವು ಕೇಳಬೇಕು. ಹತ್ತು ರೂಪಾಯಿಯ ಲೆಕ್ಕವನ್ನು ಕ್ಷಣದಲ್ಲಿ ಇಡಬಲ್ಲ ಯಂತ್ರ ನಮ್ಮಲ್ಲಿ ಈಗಾಗಲೇ ಇದೆ.