ಕೆನಡಾಕ್ಕೆ ಹೊರಟ ಲಕೋಟೆ

ಈ ವಿಡಿಯೊದಲ್ಲಿ ನನ್ನ ಬೆನ್ನ ಹಿಂದೆ ಕಾಣುತ್ತಿರುವುದು ಬಳ್ಳಾರಿ ಗುಡ್ಡ. ಚೌಕಟ್ಟಿನೊಳಗೆ ತಾನಾಗಿ ಬಂದು ಕೂತಿದೆ, ಇವತ್ತಿನ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಕರಿಕೋಟು ಹಾಕುವವರು ಕೆನಡಾದಲ್ಲಿ ವಕೀಲಿ ಮಾಡಬಹುದೇ ಎಂದು ಬಹಳ ಜನ ಕೇಳಿದ್ದೀರಿ. ಮಾಡಬಹುದು. ಆದರೆ ಇಲ್ಲಿಯ ಸನ್ನದನ್ನು ತೋರಿಸಿದ ಮಾತ್ರಕ್ಕೆ ಅಲ್ಲಿ ವಾದಿಸಲು ಬಿಡುವುದಿಲ್ಲ. ಮೊದಲು ಎನ್‌ಸಿಎ ಎಂಬ ರಾಷ್ಟ್ರೀಯ ಮಾನ್ಯತಾ ಸಮಿತಿ ನಮ್ಮ ಪದವಿಯನ್ನು ಅಳೆದು ನೋಡುತ್ತದೆ, ಯಾವ ವಿಷಯಗಳಲ್ಲಿ ಪರೀಕ್ಷೆ ಬರೆಯಬೇಕೆಂದು ತಿಳಿಸುತ್ತದೆ. ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ವೃತ್ತಿಧರ್ಮ, ಕೆನಡಾ ಕಾನೂನಿನ ತಳಹದಿ, ಈ ಐದು ಹೊರಗಿನಿಂದ ಬಂದವರಿಗೆ ಸಾಮಾನ್ಯವಾಗಿ ತಪ್ಪಿದ್ದಲ್ಲ. ನಾನು ಆ ಸಮಿತಿಗೆ ಅರ್ಜಿ ತುಂಬಿದ್ದು ತೆರೆಯ ಮೇಲೆ ಓಡುತ್ತಿದೆ, ಅದನ್ನು ಓದಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ.

ನನ್ನ ತಲೆ ತಿಂದದ್ದು ಲಕೋಟೆ. ಅಂಕಗಳ ಅಧಿಕೃತ ಪ್ರತಿ ವಿಶ್ವವಿದ್ಯಾಲಯದಿಂದ ನೇರವಾಗಿ ಸಮಿತಿಗೆ ಹೋಗಬೇಕು, ನಡುವೆ ನನ್ನ ಕೈ ಬರಬಾರದು. ನಿಯಮ ನ್ಯಾಯವಾಗಿಯೇ ಇದೆ, ಅಂಕಪಟ್ಟಿ ತಿದ್ದುವ ಪುಣ್ಯಾತ್ಮರಿಗೆ ನಮ್ಮಲ್ಲೇನು ಬರವೇ? ವಿಶ್ವವಿದ್ಯಾಲಯ ಯಾವುದೆಂದು ಹೇಳುವುದಿಲ್ಲ, ಅಲ್ಲಿ ಇನ್ನೂ ಕೆಲಸವಿದೆ. ಒಳಗೆ ಕ್ಯಾಮೆರಾ ಬಿಡಲಿಲ್ಲ. ಆದ್ದರಿಂದ ನೀವು ಈ ಬೇವಿನ ಮರವನ್ನು ನೋಡುತ್ತಿರಿ, ನಾನು ಹೇಳುತ್ತಿರುತ್ತೇನೆ.

ರವಾನೆ ವಿಭಾಗದ ಗುಮಾಸ್ತರು ಜಗಳಗಂಟರೇನಲ್ಲ. ಲಕೋಟೆಗೆ ಗೋಂದು ಹಚ್ಚಿದರು. ಒಣಗಿದ ಸ್ಟ್ಯಾಂಪ್ ಪ್ಯಾಡಿಗೆ ಎರಡು ಹನಿ ನೀರು ಬಿಟ್ಟರು. ದುಂಡು ಮೊಹರು ಅರ್ಧ ಮಡಿಕೆಯ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳುವಂತೆ ಒತ್ತಿದರು. ನೇರಳೆ ಶಾಯಿ ಹರಡಿ ಅಕ್ಷರ ಕಾಣದಾಯಿತು, ಪಕ್ಕದಲ್ಲಿ ಮತ್ತೊಂದು ಒತ್ತಿದರು. ಆಮೇಲೆ ಅದನ್ನು ತಂದು ನನ್ನ ಮುಂದೆಯೇ ಚಾಚಿದರು. "ಹಿಡಿಯಿರಿ ಮೇಡಂ, ಕೊರಿಯರ್ ಮಾಡಿಬಿಡಿ."

"ನಾನು ಮುಟ್ಟುವಂತಿಲ್ಲ ಸರ್, ಕಚೇರಿಯಿಂದಲೇ ಹೋಗಬೇಕು."

ವಿದೇಶದ ಅಂಚೆಗೆ ಖರ್ಚು ಹಾಕಲು ತಮ್ಮಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ ಎಂದರು. ದುಡ್ಡು ನಾನು ಕೊಡುತ್ತೇನೆ ಎಂದೆ. ಚಲನ್ ಇಲ್ಲದೆ ದುಡ್ಡು ಪಡೆಯುವಂತಿಲ್ಲ ಎಂದರು. ಹಾಗಾದರೆ ಚಲನ್ ಕೊಡಿ ಎಂದೆ. ಅದಕ್ಕೆ ಚಲನ್ ಇಲ್ಲ ಎಂದರು. ಇಷ್ಟಕ್ಕೇ ಮುಗಿಯಲಿಲ್ಲ. ಹೊರಗೆ ಹೋಗಿ ಕೊರಿಯರ್ ಹುಡುಗನನ್ನೇ ರವಾನೆ ಮೇಜಿನ ಮುಂದೆ ತಂದು ನಿಲ್ಲಿಸಿದೆ. ಅವನು ಫಾರಂ ತೆಗೆದು, "ಕಳುಹಿಸುವವರ ಆಧಾರ್ ಕೊಡಿ" ಎಂದ. ಕಳುಹಿಸುವವರು ಕುಲಸಚಿವರು. ಅವರ ಆಧಾರ್ ಕೇಳುವ ಎದೆಗಾರಿಕೆ ಆ ಕೋಣೆಯಲ್ಲಿ ಯಾರಿಗಿತ್ತು? ಹುಡುಗ ಗುಮಾಸ್ತರ ಕಡೆ ನೋಡಿದ. ಅವರು ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡರು. ನಗಬೇಡಿ, ಹತ್ತು ನಿಮಿಷ ಆ ಕೈ ಕೆಳಗಿಳಿಯಲಿಲ್ಲ. ಕೊನೆಗೆ ಒಳಗಿನಿಂದ ಅಧೀಕ್ಷಕಿಯೊಬ್ಬರು ಬಂದು, "ಏನಮ್ಮಾ ಇದು ಸಂತೆ?" ಎಂದು ಗದರಿ, ಕಚೇರಿಯ ಪ್ಯಾನ್ ಸಂಖ್ಯೆ ಹಾಕಿದ ಪತ್ರವೊಂದನ್ನು ಟೈಪು ಮಾಡಿಸಿ ಕೊಟ್ಟರು. ಲಕೋಟೆ ಹೊರಟಿತು. ಕೊರಿಯರಿಗೆ ಮೂರು ಸಾವಿರದ ಮೇಲೆ ಬಿತ್ತು. ಕಾಗದ ನಾಲ್ಕೇ ಹಾಳೆ.

ಆಧಾರ್ ಎಂದಾಗ ನೆನಪಾಯಿತು. ಆ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಅವರ ಹೆಸರಿನಲ್ಲೇ ಇದೆ. ಹಕ್ಕಿಗೆ ಬೇಲಿ ಹಾಕುವ ಸರ್ಕಾರ, ಆ ಬೇಲಿ ಉದ್ದೇಶಕ್ಕೆ ತಕ್ಕಷ್ಟೇ ಇದೆಯೆಂದು ತೋರಿಸಬೇಕು ಎನ್ನುವ ತರ್ಕ ಕೆನಡಾದಲ್ಲಿ 1986ರ ಓಕ್ಸ್ ಪ್ರಕರಣದಲ್ಲಿದೆ. ನಾನೀಗ ಓದುತ್ತಿರುವುದು ಅದನ್ನೇ. ಸಂವಿಧಾನ ನನಗೆ ಅಷ್ಟು ಭಾರವೆನಿಸಲಿಲ್ಲ. ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಹಂಚಿಕೆಯಾಗದೆ ಉಳಿದ ಅಧಿಕಾರವೆಲ್ಲ ಕೇಂದ್ರಕ್ಕೆ ಎನ್ನುವುದು ಕೆನಡಾದ 1867ರ ಸಂವಿಧಾನ ಕಾಯ್ದೆಯಲ್ಲೂ ಇದೆ, ನಮ್ಮ ಸಂವಿಧಾನದ 248ನೇ ವಿಧಿಯಲ್ಲೂ ಇದೆ. ಅಪರಾಧ ಕಾನೂನು ಮಾತ್ರ ಬೇರೆ ಲೋಕ. ಅಲ್ಲಿ ಗಲ್ಲುಶಿಕ್ಷೆಯೇ ಇಲ್ಲ. ನಮ್ಮ ಬಾರ್‌ನಲ್ಲಿ ಹಿರಿಯರು 2024ರ ಜುಲೈ 1ರಿಂದ ಕೊಲೆಗೆ ಹಳೆಯ ದಂಡ ಸಂಹಿತೆಯ 302 ಅನ್ನು ಮರೆತು ಹೊಸ ನ್ಯಾಯ ಸಂಹಿತೆಯ 103 ಎನ್ನಲು ನಾಲಿಗೆ ಪಳಗಿಸುತ್ತಿದ್ದಾರೆ, ನಾನು ಎರಡನ್ನೂ ಬಿಟ್ಟು ಮೂರನೆಯದನ್ನು, ಕೆನಡಾದ್ದನ್ನು, ಉರುಹೊಡೆಯುತ್ತಿದ್ದೇನೆ. ಪರೀಕ್ಷೆಯಲ್ಲಿ ಪುಸ್ತಕ ತೆರೆದುಕೊಂಡು ಬರೆಯಬಹುದು. ಹಾಗೆಂದು ಹಿಗ್ಗಬೇಡಿ, ಮೂರು ಗಂಟೆಯಲ್ಲಿ ಪುಟ ಹುಡುಕುತ್ತಾ ಕೂತವರು ಕೆಟ್ಟರು.

ಮರದ ದೃಶ್ಯ ಮುಗಿಯಿತು, ಬೇಗ ಹೇಳಿಬಿಡುತ್ತೇನೆ.

ಇಷ್ಟು ವರ್ಷ ಕೋರ್ಟಿನಲ್ಲಿ ಸವೆದವಳಿಗೆ ಮತ್ತೆ ಪರೀಕ್ಷೆಯೇ ಎಂದು ನನಗೆ ಮೊದಮೊದಲು ಸಿಟ್ಟಿತ್ತು, ಇದು ಸೊಕ್ಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಸೀನಿಯರ್ ಸಾಹೇಬರು ಕೇಳಿಸಿಕೊಂಡು, "ವಿದೇಶದಲ್ಲಿ ಕಾನೂನು ಓದಿ ಬಂದ ನಮ್ಮ ಹುಡುಗರಿಗೆ ಭಾರತೀಯ ವಕೀಲರ ಪರಿಷತ್ತು ಪರೀಕ್ಷೆ ಇಟ್ಟಿಲ್ಲವೇನಮ್ಮಾ?" ಎಂದರು. ಇಟ್ಟಿದೆ. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಶುಲ್ಕದ್ದು, ಪ್ರತಿ ವಿಷಯಕ್ಕೂ ಡಾಲರಿನಲ್ಲಿ ಬೇರೆ ಬೇರೆ ಕಟ್ಟಬೇಕು.

ಎಲ್ಲ ಪಾಸಾದರೂ ಸಿಗುವುದು ಅರ್ಹತಾ ಪ್ರಮಾಣಪತ್ರ ಮಾತ್ರ. ಅದನ್ನು ಹಿಡಿದು, ವಕೀಲಿಗೆ ಪರವಾನಗಿ ಕೊಡುವ ಪ್ರಾಂತ್ಯದ ಕಾನೂನು ಸಂಘಕ್ಕೆ ಹೋಗಬೇಕು. ಒಂಟಾರಿಯೊದಲ್ಲಾದರೆ ಬ್ಯಾರಿಸ್ಟರ್ ಪರೀಕ್ಷೆ ಒಂದು, ಸಾಲಿಸಿಟರ್ ಪರೀಕ್ಷೆ ಇನ್ನೊಂದು, ಜೊತೆಗೆ ಆರ್ಟಿಕ್ಲಿಂಗ್, ಅಂದರೆ ಮತ್ತೆ ಜೂನಿಯರ್ ಆಗಿ ಯಾರದೋ ಫೈಲು ಹೊರುವುದು. ಅದಕ್ಕೆ ಜಾಗ ಹುಡುಕುವುದೇ ದೊಡ್ಡ ಕಷ್ಟ ಎಂದು ಹೋದವರೆಲ್ಲ ಹೇಳುತ್ತಾರೆ. ಕ್ವಿಬೆಕ್ ಕಡೆ ಕಣ್ಣು ಹಾಕಿದವರು ಈ ದಾರಿ ಹಿಡಿಯಬೇಡಿ, ಅಲ್ಲಿಯ ಸಿವಿಲ್ ಕಾನೂನು ಫ್ರೆಂಚ್ ಸಂಪ್ರದಾಯದ್ದು, ಎನ್‌ಸಿಎ ಪ್ರಮಾಣಪತ್ರ ಅಲ್ಲಿಗೆ ನಡೆಯುವುದಿಲ್ಲ.

ಇನ್ನು ರಾಜ್ಯ ವಕೀಲರ ಪರಿಷತ್ತಿನ ಪತ್ರ ಬಾಕಿಯಿದೆ, ಅದೂ ನೇರವಾಗಿಯೇ ಹೋಗಬೇಕು. ಇವತ್ತು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೊರಟಿದ್ದೇನೆ. ಕಚೇರಿಯಿಂದ ಕಚೇರಿಗೆ ಲಕೋಟೆ ಕಳುಹಿಸುವ ಸುಲಭ ದಾರಿ ಗೊತ್ತಿದ್ದವರು ದಯವಿಟ್ಟು ರೈಲು ಹೊರಡುವ ಮೊದಲೇ ಬರೆಯಿರಿ.